ಬಳ್ಳಾರಿಗೆ ಓದಲು ಬಂದ ದೊರೆ

ನಮ್ಮ ಹುಡುಗರು ದೊರೆಗಳ ಸೀಮೆಗೆ ಓದಲು ಹೋಗಿ ಅಲ್ಲಿ ಏನೇನು ಫಜೀತಿ ಪಡುತ್ತಾರೋ ನನಗೆ ಗೊತ್ತಿಲ್ಲ. ಸೀಮೆಯ ಹುಡುಗ ಬಳ್ಳಾರಿಗೆ ಓದಲು ಬಂದರೆ ಮಾತ್ರ ಫಜೀತಿ ಊಟಕ್ಕೆ ಮುಂಚೆ ಒಂದು, ಉಂಡ ಮೇಲೊಂದು. ಕಂಟೋನ್ಮೆಂಟಿನ ದೊರೆಗಳಿಗೆ ಕನ್ನಡ ಕಲಿಸುವ ಮುನ್ಶಿ ನಾನು. ಸಾಬರ ಬಾಯಲ್ಲಿ ಇಷ್ಟು ಚೆಂದ ಕನ್ನಡವೇ ಎಂದು ಹೊಸಬರು ಕೇಳುತ್ತಾರೆ. ನಮ್ಮ ಮನೆಯ ಬೆಕ್ಕಿಗೂ ಬರುವುದು ಅದೊಂದೇ ಭಾಷೆ ಎಂದು ಹೇಳುತ್ತೇನೆ.

ಆ ವರ್ಷ ಬಂದವನಿಗೆ ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಕರಿ ಉಣ್ಣೆಯ ಕೋಟು ತೊಟ್ಟು ರೈಲಿಳಿದ. ಕನ್ನಡ ಪರೀಕ್ಷೆ ಪಾಸಾದರೆ ಇಲ್ಲೇ ಸರಕಾರಿ ನೌಕರಿ, ಇಲ್ಲದಿದ್ದರೆ ಹಡಗು ಹತ್ತಿ ವಾಪಸು. ನನ್ನ ಹಿಂದಿನ ಶಿಷ್ಯರಿಬ್ಬರು ನಪಾಸಾಗಿ ಆಗಲೇ ಹಡಗು ಹತ್ತಿದ್ದರು. ಇವನೂ ಹತ್ತಿದರೆ ಇನ್ನು ಯಾವ ದೊರೆಯೂ ನನ್ನನ್ನು ಕರೆಯುವುದಿಲ್ಲ. ಹೀಗಾಗಿ ಪರೀಕ್ಷೆಯ ಹೆದರಿಕೆ ಅವನಿಗಿಂತ ನನಗೇ ಹೆಚ್ಚು.

೧. ಎಲ್ಲಿಗೆ ಹೊರಟಿರಿ?

ಬಂದ ಕೆಲವೇ ದಿನಕ್ಕೆ ಹುಡುಗ ಗಾಬರಿಯಾಗಿದ್ದ.

"ಮುನ್ಶಿಯವರೇ, ಈ ಊರಿನ ತುಂಬ ಗೂಢಚಾರರಿದ್ದಾರೆ. ಹಾಲಿನವನು, ದರ್ಜಿ, ಕಟ್ಟೆಯ ಮುದುಕ, ಎಲ್ಲರೂ ನಾನು ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ."

ಅದು ನಮ್ಮಲ್ಲಿ ನಮಸ್ಕಾರ ಇದ್ದ ಹಾಗೆ, ಯಾರಿಗೂ ಉತ್ತರ ಬೇಕಾಗಿಲ್ಲ, ನಕ್ಕು ಕೈ ಬೀಸಿದರೆ ಸಾಕು ಎಂದು ಕಲಿಸಿದೆ. ಕಲಿತ. ಮರುದಿನ ಅವನನ್ನು ಕುರುಗೋಡಿನ ಗೌಡರ ಮನೆಗೆ ಕರೆದೊಯ್ಯಲು ಒಂದು ಗಾಡಿ ಕಳಿಸಿದೆ. ಹಳ್ಳಿಯ ಮಾತು ಕಿವಿಗೆ ಬೀಳಲಿ ಎಂದು ನನ್ನ ಆಸೆ. ಊರಿನ ಹೆಸರನ್ನು ಗಾಡಿಯವನಿಗೆ ಅವನೇ ಹೇಳಲಿ ಎಂದು ಬಿಟ್ಟಿದ್ದೆ.

ಬಿಸಿಲೇರಿದ ಮೇಲೆ ನಮ್ಮ ಓಣಿಯಲ್ಲಿ ನಡೆದು ಹೋಗುತ್ತಿದ್ದರೆ, ಗಾಡಿಯವನ ದನದ ಕೊಟ್ಟಿಗೆಯಲ್ಲಿ ದೊರೆ ಗಾಡಿಯ ಮೇಲೇ ನೆಟ್ಟಗೆ ಕೂತಿದ್ದಾನೆ. ಎತ್ತುಗಳು ಗೋದಲಿಗೆ ಮೂತಿಯಿಟ್ಟು ಮೇಯುತ್ತಿವೆ. ನನ್ನನ್ನು ಕಂಡವನೇ, "ಗೌಡರು ಇನ್ನೂ ಎದ್ದಿಲ್ಲವೇ?" ಎಂದು ಕೇಳಿದ.

"ಏನಲೇ ಇದು?" ಎಂದು ಗಾಡಿಯವನನ್ನು ಜಬರಿಸಿದೆ.

"ನಾ ಏನ್ ಮಾಡ್ಲ್ರಿ ಸಾಬ್ರ? ಎಲ್ಲಿಗ್ರಿ, ಎಲ್ಲಿಗ್ರಿ ಅಂತ ಕೇಳಿ ಕೇಳಿ ಸಾಕಾತು. ದೊರಿ ನಕ್ಕೋಂತ ಕೈ ಬೀಸಾಕತ್ರು. ಎತ್ತಿಗೆ ಗೊತ್ತಿದ್ದ ಊರಿಗೆ ಬಂದೀವಿ."

೨. ನಿಂತವರ ಹರಿಗೋಲು

ಒಮ್ಮೆ ಸಿರುಗುಪ್ಪದ ಕಡೆ ಹೋದಾಗ ಕೆಂಚನಗುಡ್ಡದಲ್ಲಿ ಹೊಳೆ ದಾಟಬೇಕಾಯಿತು. ಹರಿಗೋಲೆಂದರೆ ಚರ್ಮ ಹೊದಿಸಿದ ದೊಡ್ಡ ಬುಟ್ಟಿ. ಅದರಲ್ಲಿ ಕೂತವರು ಕೂತಂತೆಯೇ ಇರಬೇಕು. ದೊರೆ, ನಾನು, ಮತ್ತೆ ನಾಲ್ಕಾರು ಗಂಡಸರು ಕೂತೆವು. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಹತ್ತಿದಳು. ದೊರೆ ಥಟ್ಟನೆ ಎದ್ದು ನಿಂತ.

ಅವರ ದೇಶದಲ್ಲಿ ಹೆಂಗಸು ನಿಂತಿರುವಾಗ ಗಂಡಸು ಕೂರಬಾರದಂತೆ. ನಮ್ಮ ದೇಶದಲ್ಲಿ ದೊರೆ ನಿಂತಿರುವಾಗ ಯಾರೂ ಕೂರುವಂತಿಲ್ಲ. ಗಂಡಸರೆಲ್ಲ ಎದ್ದರು. ಕೂರಲು ಬಗ್ಗಿದ್ದ ಆಕೆ ಹೆದರಿ ನೆಟ್ಟಗಾದಳು. ಆಕೆ ನಿಂತಿದ್ದಾಳೆಂದು ದೊರೆ ಕೂರಲೊಲ್ಲ. ನಾನೂ ಎದ್ದೆ. ಜೀವಕ್ಕಿಂತ ನೌಕರಿ ದೊಡ್ಡದು. ಹರಿಗೋಲು ಬುಗುರಿಯ ಹಾಗೆ ತಿರುಗತೊಡಗಿತು.

"ಕುಂದರ್ರೀ ಯಪ್ಪಾ, ನೀರು ಒಳಗ ಬರಾಕತ್ತೇತಿ" ಎಂದು ಅಂಬಿಗ ಅಂಗಲಾಚಿದ.

"ಮೊದಲು ಆ ತಾಯಿ ಕೂರಲಿ" ಎಂದ ದೊರೆ.

"ದೊರಿ ಮುಂದ ನಾ ಹೆಂಗ ಕುಂದರ್ಲಿ?" ಎಂದಳು ಆಕೆ.

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಇದನ್ನೆಲ್ಲ ನೋಡಿ, ಹಿಂಡುತ್ತಿದ್ದ ಸೀರೆ ಕೆಳಗಿಡದೆ ಹೇಳಿದಳು: "ಬಿಡಪಾ ಅಂಬಿಗ, ಅವರು ಮರ್ಯಾದಿಲೆ ಮುಳುಗಾಕ ಹೊಂಟಾರ. ನೀ ಒಬ್ಬಾಂವ ಈಸಿ ಬಾ."

೩. ಪರೀಕ್ಷೆ

ಕೊನೆಗೆ ಪರೀಕ್ಷೆಯ ದಿನ ಬಂತು. ಪರೀಕ್ಷಕ ಮದರಾಸಿನಿಂದ ಬಂದ ಮುದುಕ ದೊರೆ, ಕನ್ನಡವನ್ನೆಲ್ಲ ಹಳೆಯ ಗ್ರಂಥಗಳಿಂದಲೇ ಕಲಿತವನು. ಕಾಲುವೆ ನೀರಿನ ತಂಟೆಯಿದ್ದ ದೇಶನೂರಿನ ರೈತನೊಬ್ಬನನ್ನು ಕಚೇರಿಗೆ ಕರೆಸಿದ್ದರು. ನನ್ನ ಶಿಷ್ಯ ಅವನನ್ನು ಮಾತಾಡಿಸಿ ತಂಟೆ ಏನೆಂದು ತಿಳಿದು ಹೇಳಬೇಕು. ಅಷ್ಟೇ ಪರೀಕ್ಷೆ.

ಅಷ್ಟೊತ್ತಿಗೆ ಹುಡುಗನಿಗೆ ನಮ್ಮ ಊರು ಮೈಗೆ ಹತ್ತಿಬಿಟ್ಟಿತ್ತು. ಬಂದವರನ್ನು ಎತ್ತಿದ ಬಾಯಿಗೆ ಕೆಲಸದ ಮಾತು ಕೇಳಬಾರದು ಎಂಬುದು ಅವನಿಗೆ ಗೊತ್ತು.

"ಬಾರಪಾ ಹಿರಿಯಾ, ಊಟ ಆತೇನು? ದೇಶನೂರಾಗ ಯಾರ ಪೈಕಿ ನೀನು?"

ರೈತನ ಮುಖ ಅರಳಿತು. ಮಗಳ ಮದುವೆ ಬಂತು, ಎಮ್ಮೆ ಈದದ್ದು ಬಂತು, ಮಾವನ ಮೊಣಕಾಲು ಬಂತು. ಕಾಲುವೆ ಮಾತ್ರ ಬರಲಿಲ್ಲ. ಪರೀಕ್ಷಕ ಗಡಿಯಾರ ನೋಡಿದ. ನನ್ನ ಕಣ್ಣ ಮುಂದೆ ಹಡಗೇ ಬಂದು ನಿಂತಿತು.

"ಸಾಕು" ಎಂದು ಮುದುಕ ದೊರೆ ತಾನೇ ರೈತನ ಕಡೆ ತಿರುಗಿದ. "ಎಲೈ ಕೃಷೀವಲನೇ, ನಿನ್ನ ವಿವಾದದ ಮೂಲ ಕಾರಣವನ್ನು ಯಥಾವತ್ತಾಗಿ ನಿವೇದಿಸುವಂಥವನಾಗು."

ರೈತ ಅವನನ್ನು ನೋಡಿದ. ತಲೆ ಮೇಲಿನ ಜಂತೆ ನೋಡಿದ. ಆಮೇಲೆ ನನ್ನ ಶಿಷ್ಯನ ಕಡೆ ಬಗ್ಗಿ, ಕಚೇರಿಗೆಲ್ಲ ಕೇಳುವ ಹಾಗೆ ಕೇಳಿದ:

"ನಿಮ್ಮದೇನೋ ಪಾಸಾತು ಬಿಡ್ರಿ ಸಣ್ಣ ದೊರಿ. ಈ ಅಜ್ಜಂದು ಪರೀಕ್ಷಿ ಯಾವಾಗ ಐತ್ರಿ?"

"ಇವನು ಏನು ನುಡಿದನು?" ಎಂದು ಪರೀಕ್ಷಕ ನನ್ನನ್ನು ಕೇಳಿದ. ನಾನು ಶಿಷ್ಯನ ಕಡೆ ನೋಡಿದೆ. ಹುಡುಗನೇ ಎದ್ದು ನಿಂತ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಮುದುಕನಿಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಹೇಳಿದ.

"ದೊಡ್ಡ ದೊರೆಗಳದು ಊಟ ಆಗೇತೋ ಇಲ್ಲೋ ಅಂತ ಕೇಳ್ತಾನ್ರಿ."

ಮುದುಕ ದೊರೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಈ ದೇಶದಲ್ಲಿ ಕೂದಲು ಬೆಳ್ಳಗಾಗುವ ತನಕ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಕಣ್ಣು ಒರೆಸಿಕೊಂಡು, "ಆಗಿದೆಯೆಂದು ತಿಳಿಸು" ಎಂದವನೇ ಲೇಖನಿ ಎತ್ತಿ ಪಾಸು ಬರೆದ.