ಕನಕರಾಜುವಿನ ಕಂಚಿನ ಕಂಠವೂ ಮೂರು ಸೌಂಡ್ ಕಾರ್ಡುಗಳೂ

ಹಾರನಹಳ್ಳಿಯ ಕನಕರಾಜುವಿಗೆ ದೇವರು ಎತ್ತರ ಕೊಡಲಿಲ್ಲ, ಬಣ್ಣ ಕೊಡಲಿಲ್ಲ, ಕೊಟ್ಟಿದ್ದ ಕೂದಲನ್ನೂ ನಲವತ್ತು ತುಂಬುವ ಮೊದಲೇ ವಾಪಸು ತೆಗೆದುಕೊಂಡ. ಇಷ್ಟೆಲ್ಲ ಅನ್ಯಾಯಕ್ಕೆ ಪರಿಹಾರವಾಗಿ ಕಂಠವೊಂದನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದಾನೆ ಎಂಬುದು ಕನಕರಾಜುವಿನ ದೃಢವಾದ ನಂಬಿಕೆ. (ದೇವರ ಅಭಿಪ್ರಾಯವನ್ನು ಯಾರೂ ವಿಚಾರಿಸಿರಲಿಲ್ಲ.) ಸುತ್ತಮುತ್ತ ನಾಮಕರಣವಾಗಲಿ, ಬೀಗರೂಟವಾಗಲಿ, ಹಾಲಿನ ಡೈರಿಯ ವಾರ್ಷಿಕೋತ್ಸವವಾಗಲಿ, ಮೈಕ್ ಹಿಡಿಯುವವನು ಇವನೇ. ಹೊಗೆಸೊಪ್ಪಿಗೆ ಗೊಬ್ಬರ ಹಾಕುವುದು ಎರಡು ದಿನ ತಡವಾದರೂ ಆದೀತು, ಸ್ವಾಗತ ಭಾಷಣ ಎರಡು ನಿಮಿಷ ತಡವಾಗಬಾರದು.

ಇಲ್ಲೊಂದು ವಿಷಯ ಹೇಳಲೇಬೇಕು. ಊರಿನ ಮೈಕ್ ಸೆಟ್ಟು ಚಿಕ್ಕಮಾದುವಿನದು. ಅದರಲ್ಲಿ ಎಕೋ ಎಂಬ ಒಂದು ತಿರುಗಣೆ ಇತ್ತು. ಚಿಕ್ಕಮಾದು ಅದನ್ನು ತಿರುಗುವಷ್ಟೂ ತಿರುಗಿಸಿ, ಮತ್ತೆ ಯಾರೂ ಮುಟ್ಟದಂತೆ ಮೇಲೆ ಟೇಪು ಅಂಟಿಸಿಬಿಟ್ಟಿದ್ದ. ‘ಬಂಧುಗಳೇ’ ಎಂದರೆ ಸಾಕು, ‘ಗಳೇ... ಗಳೇ... ಗಳೇ...’ ಎಂದು ಅದು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ಗೋಡೆಗೆ ಬಡಿದು, ಕೆರೆ ಏರಿಯವರೆಗೆ ಹೋಗಿ ಬರುತ್ತಿತ್ತು. ಕನಕರಾಜು ತನ್ನ ದನಿಯನ್ನು ಹೊರಗಿನಿಂದ ಕೇಳಿದ್ದೆಲ್ಲ ಆ ರೂಪದಲ್ಲೇ. ಅದು ತನ್ನದೇ ಎಂದು ನಂಬಿದ್ದು ಅವನ ತಪ್ಪೇನಲ್ಲ.

ಎರಡು ಸಾವಿರದ ಏಳನೆಯ ಇಸವಿಯಲ್ಲಿ ಪಿರಿಯಾಪಟ್ಟಣದ ಒಂದು ಕೇಬಲ್ ವಾಹಿನಿಯವರು ವಾರ್ತೆ ಓದಲು ಗಂಡು ದನಿ ಬೇಕೆಂದು ಪ್ರಕಟಣೆ ಕೊಟ್ಟರು. ದನಿಯನ್ನು ಸಿಡಿಯಲ್ಲಿ ಹಾಕಿ ಸೋಮವಾರದೊಳಗೆ ತಲುಪಿಸಬೇಕು. ಕನಕರಾಜು ಅಂದೇ ಸಂಜೆ ಟೀ ಅಂಗಡಿಯಲ್ಲಿ, ತಾನು ಆಯ್ಕೆಯಾಗಿಯೇ ಬಿಟ್ಟಂತೆ, ಇನ್ನು ಮುಂದೆ ನಾಮಕರಣಗಳಿಗೆಲ್ಲ ಪುರುಸೊತ್ತಿರುವುದಿಲ್ಲ ಎಂದು ಘೋಷಿಸಿದ. ಹೀಗೆ ಘೋಷಿಸಿದ ಮೇಲೆ ಆಯ್ಕೆಯಾಗದೆ ಊರಲ್ಲಿ ತಿರುಗುವ ಹಾಗಿರಲಿಲ್ಲ.

ಮಗಳು ಕಾವ್ಯಶ್ರೀ ಹುಣಸೂರಿನಲ್ಲಿ ಓದುತ್ತಿದ್ದಳು. ಅವಳ ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ ಮೊದಲ ರೆಕಾರ್ಡಿಂಗ್ ಆಯಿತು. ಹಾಕಿ ಕೇಳಿದರೆ ಹಿಂದೆ ಗುಂಯ್ ಎನ್ನುವ ಸದ್ದು, ಮುಂದೆ ಯಾವನೋ ನೆಗಡಿಯಾದ ತೆಳ್ಳನೆಯ ಮನುಷ್ಯ ವಾರ್ತೆ ಓದುತ್ತಿದ್ದಾನೆ. ಕನಕರಾಜು ಹೌಹಾರಿದ. ಲ್ಯಾಪ್‌ಟಾಪಿನ ಒಳಗಿರುವ ಸೌಂಡ್ ಕಾರ್ಡು ಪಾಠ ಕೇಳುವುದಕ್ಕೆ, ಹಾಡು ಕೇಳುವುದಕ್ಕೆ ಸಾಕು, ರೆಕಾರ್ಡು ಮಾಡುವುದಕ್ಕೆ ಹೊರಗಿನಿಂದ ಸಿಕ್ಕಿಸುವ ಬೇರೆ ಕಾರ್ಡು ಬೇಕು ಎಂದು ಮಗಳು ಬಾಯಿತಪ್ಪಿ ಹೇಳಿದಳು. ಅವಳು ಹೇಳಿದ್ದು ಗುಂಯ್ ಸದ್ದಿನ ವಿಚಾರ. ಅವನಿಗೆ ಅರ್ಥವಾದದ್ದು ನೆಗಡಿಯ ವಿಚಾರ.

ಅಲ್ಲಿಂದ ಕಾರ್ಡಿನ ಬೇಟೆ ಶುರುವಾಯಿತು. ಸೌಂಡ್ ಕಾರ್ಡ್ ಮಾಡಿಸಲು ಹೋಗುತ್ತೇನೆ ಎಂದು ಇವನು ಬೆಳಿಗ್ಗೆ ಬಸ್ಸು ಹತ್ತಿದ್ದೇ ತಡ, ಪಕ್ಕದ ಮನೆಯ ಸಾಕಮ್ಮ ನಾಲ್ಕು ಫೋಟೋ, ಹಳೆಯ ರೇಷನ್ ಕಾರ್ಡು ಹಿಡಿದು ಇವನ ಹೆಂಡತಿ ಯಶೋದಮ್ಮನ ಬಾಗಿಲಿಗೆ ಬಂದಳು. ಸೌಂಡ್ ಪಾರ್ಟಿಗಳಿಗೆಂದೇ, ಅಂದರೆ ದುಡ್ಡಿದ್ದವರಿಗೆಂದೇ, ಸರ್ಕಾರ ಬೇರೆ ಕಾರ್ಡು ಕೊಡುತ್ತಿದೆ, ಅದು ಬಂದವರಿಗೆ ಅಕ್ಕಿ ನಿಲ್ಲುತ್ತದೆ ಎಂದು ಯಾರೋ ಅವಳ ತಲೆಗೆ ತುಂಬಿದ್ದರು; ತನ್ನ ಹಳೆಯ ಕಾರ್ಡೇ ಉಳಿಯುವಂತೆ ಮಾಡಿ ಎಂದು ಕೇಳಲು ಬಂದಿದ್ದಳು. ಯಶೋದಮ್ಮ ತನಗೆ ತಿಳಿದಷ್ಟನ್ನು ತಿಳಿಸಿ ಕಾಫಿ ಕೊಟ್ಟು ಕಳಿಸಿದಳು. ತಿಳಿದದ್ದು ಏನೂ ಇರಲಿಲ್ಲವಾದ್ದರಿಂದ ಕಾಫಿಯೇ ಜಾಸ್ತಿಯಾಯಿತು.

ಹುಣಸೂರಿನ ಮೊಬೈಲ್ ಅಂಗಡಿಯವನು ಪ್ರೀಪೇಯ್ಡಾ, ಪೋಸ್ಟ್‌ಪೇಯ್ಡಾ ಎಂದು ಕೇಳಿದ. ಕಂಪ್ಯೂಟರ್ ಅಂಗಡಿಯವನು ಹೆಬ್ಬೆರಳಿನ ಗಾತ್ರದ್ದೊಂದು ಕೊಟ್ಟ. ಎಕೋ ಇದೆಯಾ ಎಂದು ಕನಕರಾಜು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಎಲ್ಲ ಇದೆ ಎಂದ ಅವನು, ಎಲ್ಲ ಅಂಗಡಿಯವರೂ ಹೇಳುವ ಹಾಗೆ. ಮನೆಗೆ ತಂದು ಸಿಕ್ಕಿಸಿದರೆ ಗುಂಯ್ ಸದ್ದು ಹೋಗಿತ್ತು. ಅದರ ಮರೆಯಲ್ಲಿ ಇಷ್ಟು ದಿನ ಸ್ವಲ್ಪ ಮಾನ ಉಳಿಸಿಕೊಂಡಿದ್ದ ನೆಗಡಿಯ ಮನುಷ್ಯ ಈಗ ಬಯಲಿಗೆ ಬಂದ. ಮಾರನೆಯ ದಿನ ಜಗಳವಾಡಿ ಅದನ್ನು ಬದಲಾಯಿಸಿ ಇನ್ನೊಂದು ತಂದ. ಅದೂ ಅದೇ ಮನುಷ್ಯನನ್ನೇ ಕರೆದುಕೊಂಡು ಬಂತು.

ಶುಕ್ರವಾರ ಬೈಲಕುಪ್ಪೆಗೆ ಹೋದ. ಅಲ್ಲಿ ಟಿಬೆಟಿನವರ ಒಂದು ಅಂಗಡಿಯಲ್ಲಿ ಮಠದ ಲಾಮಾಗಳು ತಮ್ಮ ಪಾರಾಯಣವನ್ನು ರೆಕಾರ್ಡು ಮಾಡಿಸಲು ಬಳಸುವ ಕಾರ್ಡು ಸಿಗುತ್ತದೆಂದು ಯಾರೋ ಹೇಳಿದ್ದರು. ಅಂಗಡಿಯವನ ಕನ್ನಡ ಕನಕರಾಜುವಿನ ಕನ್ನಡಕ್ಕಿಂತ ಸ್ಪಷ್ಟವಾಗಿತ್ತು. ಒಳ್ಳೆಯ ಕಾರ್ಡೆಂದರೆ ತನ್ನದೇನನ್ನೂ ಸೇರಿಸಬಾರದು, ನಿಮ್ಮದೇನನ್ನೂ ಬಿಡಬಾರದು ಎಂದು ವಿವರಿಸಿ, ಇಟ್ಟಿಗೆ ಗಾತ್ರದ ಪೆಟ್ಟಿಗೆಯೊಂದನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಅಂಗಡಿಗೆ ಬಂದಿದ್ದ ಲಾಮಾ ಒಬ್ಬರು ಮೈಕಿನ ಮುಂದೆ ಎರಡು ಸಾಲು ಹೇಳಿದರು. ಹಾಕಿದರೆ ಬಾವಿಯ ತಳದಿಂದ ಎದ್ದು ಬಂದಂಥ ಗಂಭೀರ ನಾದ. ಕನಕರಾಜು ಗಂಟಲು ಸರಿಮಾಡಿಕೊಂಡು ‘ವಾರ್ತೆಗಳು’ ಎಂದ. ಹಾಕಿದರೆ ಅದೇ ನೆಗಡಿ. ಈ ಕಾರ್ಡು ಟಿಬೆಟ್ ಭಾಷೆಗೆ ಹೊಂದಿಸಿದ್ದು, ಮನೆಗೆ ಹೋದ ಮೇಲೆ ಕನ್ನಡಕ್ಕೆ ಹೊಂದಿಕೊಳ್ಳುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅದನ್ನೇ ಕೊಂಡ.

ಶನಿವಾರ ಮಧ್ಯಾಹ್ನ ಮಹಾರೆಕಾರ್ಡಿಂಗ್. ಕಿಟಕಿಗೆ ಕಂಬಳಿ ಕಟ್ಟಿಸಿದ, ಫ್ಯಾನು ನಿಲ್ಲಿಸಿದ, ಹಸುವನ್ನು ಸಾಕಮ್ಮನ ಹಿತ್ತಲಿಗೆ ಗಡೀಪಾರು ಮಾಡಿದ. ಬೆವರಿನಲ್ಲಿ ತೊಯ್ದು ವಾರ್ತೆ ಓದಿ ಮುಗಿಸಿ, ಕೇಳಿದ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಕಾರ್ಡು ಏನನ್ನೂ ಸೇರಿಸಿರಲಿಲ್ಲ, ಏನನ್ನೂ ಬಿಟ್ಟಿರಲಿಲ್ಲ. ನೆಗಡಿಯವನು ಉಗುಳು ನುಂಗಿದ್ದು ಕೂಡ ಕೇಳಿಸಿತು.

ಇದು ನನ್ನ ದನಿಯಲ್ಲ ಎಂದು ಕನಕರಾಜು ಕೂಗಾಡಿದ. ಪರೀಕ್ಷೆಗೆಂದು ಮಗಳನ್ನು ಮಾತಾಡಿಸಿದ; ಮಗಳ ದನಿ ಮಗಳದೇ. ಹೆಂಡತಿಯನ್ನು ಮಾತಾಡಿಸಿದ, ತದ್ವತ್ ಹೆಂಡತಿ. ಹಿತ್ತಲಿಗೆ ಹೋಗಿ ಹಸುವಿನ ಮುಂದೆ ಮೈಕು ಹಿಡಿದ. ಹಸು ಕೂಡ ಹಸುವಾಗಿಯೇ ಬಂತು. ಮನೆಯವರಿಗೆಲ್ಲ ನಿಯತ್ತಾಗಿರುವ ಈ ಪೆಟ್ಟಿಗೆಗೆ ಯಜಮಾನನ ಮೇಲೆ ಮಾತ್ರ ಏನು ಹಗೆ?

ಯಶೋದಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕೂತಳು.

“ಅದು ನಿಮ್ ದನಿನೇ ಕಣ್ರೀ. ಮದ್ವೆ ಆದಾಗ್ನಿಂದ ನಂಗೆ ಕೇಳ್ತಾ ಇರಾದು ಅದೇಯ.”

“ಮತ್ತೆ ಮೈಕ್ನಲ್ಲಿ ಅಂಗೆ ಬತ್ತದಲ್ಲೇ?”

“ಅದು ಚಿಕ್ಕಮಾದುಂದು.”

ಕನಕರಾಜು ಪೆಟ್ಟಿಗೆಯ ವೈರು ಕಿತ್ತು ಪಕ್ಕಕ್ಕಿಟ್ಟ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ.

“ಮೈಕ್ ಇಡ್ಕಂಡಾಗ ನಿಮ್ ಮೊಕ ನೋಡ್ಬುಟ್ರೆ ಏಳಕ್ಕೆ ಮನ್ಸೇ ಬತ್ತಿರ್ಲಿಲ್ಲ,” ಎಂದಳು ಯಶೋದಮ್ಮ.

ಆ ದಿನವೆಲ್ಲ ಕನಕರಾಜು ಮಾತಾಡಲಿಲ್ಲ. ಭಾನುವಾರವೂ ಮಾತಾಡಲಿಲ್ಲ. ಮನೆ ಹೀಗೆ ಸದ್ದಡಗಿದ್ದು ಯಶೋದಮ್ಮನಿಗೆ ಮೊದಮೊದಲು ಹಾಯೆನಿಸಿತು, ಆಮೇಲೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡತೊಡಗಿದಳು. ಸೋಮವಾರ ಬೆಳಿಗ್ಗೆ ಅವನಿಗೆ ತಿಳಿಯದಂತೆ ಮಗಳಿಂದ ಸಿಡಿ ಮಾಡಿಸಿ ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರನ ಕೈಲಿ ಕೊಟ್ಟು ಕಳಿಸಿದಳು. ಅಲ್ಲಿ ಯಾರಿಗಾದರೂ ಕಿವಿ ಮಂದವಿರಲಿ ಎಂದು ಬೇಡಿಕೊಂಡಳೆಂದು ಕಾಣುತ್ತದೆ.

ಗುರುವಾರ ಫೋನು ಬಂತು. ಆಯ್ಕೆಯಾಗಿದ್ದಾರೆ, ತಕ್ಷಣ ಬರಬೇಕು.

ಕನಕರಾಜು ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಐದು ದಿನ ಕೂಡಿಟ್ಟಿದ್ದ ಮಾತನ್ನೆಲ್ಲ ಅರ್ಧ ಗಂಟೆಯಲ್ಲಿ ಆಡಿದ. ಕಲೆಯನ್ನು ಹೆಂಗಸರಿಗಿಂತ ಕೇಬಲ್‌ನವರು ಚೆನ್ನಾಗಿ ಬಲ್ಲರು ಎಂದ. ಇಸ್ತ್ರಿ ಅಂಗಿ ಹಾಕಿ, ಟೀ ಅಂಗಡಿಯ ಮುಂದೆ ನಿಧಾನವಾಗಿ ನಡೆದು, ಯಶೋದಮ್ಮನನ್ನೂ ಕರೆದುಕೊಂಡು ಬಸ್ಸು ಹತ್ತಿದ.

ವಾಹಿನಿಯ ಮಾಲೀಕ ಶಿವಶಂಕರ್ ಕೈಕುಲುಕಿ ಒಳಗೆ ಕರೆದೊಯ್ದ. ಇಂಥ ದನಿಗಾಗಿ ತಿಂಗಳಿಂದ ಹುಡುಕುತ್ತಿದ್ದೆವು ಎಂದ. ವಾರ್ತೆಗೆ ಬೇರೆಯವರು ಸಿಕ್ಕಿದ್ದಾರೆ. ಇದು ಸೊಳ್ಳೆಬತ್ತಿಯ ಜಾಹೀರಾತು.

“ನಂದು ಬತ್ತಿ ಮಾರೋನ ಪಾತ್ರವಾ?” ಎಂದು ಕನಕರಾಜು ಕೇಳಿದ.

“ಇಲ್ಲ ಸಾರ್, ಸೊಳ್ಳೆದು.”

ಬಾಗಿಲಾಚೆ ಬೆಂಚಿನ ಮೇಲೆ ಯಶೋದಮ್ಮ ಕೂತಿದ್ದಳು. ಊರಿಗೆಲ್ಲ ಹೇಳಿ ಬಂದಾಗಿತ್ತು. ಕನಕರಾಜು ಮೈಕಿನ ಮುಂದೆ ನಿಂತು, ಸೊಳ್ಳೆಯಾದರೂ ತೂಕದ ಸೊಳ್ಳೆಯಾಗಿರಲಿ ಎಂದು ಹೊಟ್ಟೆಯಿಂದ ದನಿ ತೆಗೆದ.

“ದಪ್ಪ ಮಾಡ್ಬೇಡಿ ಸಾರ್,” ಎಂದ ಶಿವಶಂಕರ್. “ನಿಮ್ದೇ ದನೀಲಿ ಮಾತಾಡಿ, ಸಾಕು.”

ಹೊರಗೆ ಬಂದಾಗ ಏನು ಓದಿಸಿದರು ಎಂದು ಹೆಂಡತಿ ಕೇಳಿದಳು. ವಾರ್ತೆಗಿಂತ ದೊಡ್ಡದು, ಮನೆಮನೆಗೂ ಹೋಗುವ ಪಾತ್ರ ಎಂದಷ್ಟೇ ಹೇಳಿ ಅವನು ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿದ.

ಭಾನುವಾರ ಸಂಜೆ ಬೀದಿಯೆಲ್ಲ ಅವರ ನಡುಮನೆಯಲ್ಲಿ ಸೇರಿತ್ತು. ವಾರ್ತೆ ಶುರುವಾಯಿತು, ಓದಿದವನು ಬೇರೆ ಯಾವನೋ. ಜನ ಮುಖ ಮುಖ ನೋಡಿಕೊಂಡರು. ನಡುವೆ ಜಾಹೀರಾತು ಬಂತು. ದೊಡ್ಡ ಸೊಳ್ಳೆಯೊಂದು ಹಾರಿ ಬಂದು, ಮಲಗಿದ್ದವನ ಕಿವಿಯ ಹತ್ತಿರ ಏನೇನೋ ಮಾತಾಡಿ, ಹೊಗೆ ತಾಗಿ ಉರುಳಿತು. ಯಾರಿಗೂ ಗುರುತು ಸಿಗಲಿಲ್ಲ. ಕನಕರಾಜು ಬಿಗಿಹಿಡಿದಿದ್ದ ಉಸಿರನ್ನು ಇನ್ನೇನು ಬಿಡಬೇಕು, ಬರೆದುಕೊಟ್ಟಿರದಿದ್ದರೂ ಅಂದು ಭಾಷಣದ ಅಭ್ಯಾಸಬಲದಿಂದ ತಾನೇ ಸೇರಿಸಿದ್ದ ಮಾತನ್ನು ಸೊಳ್ಳೆ ಕಾಲು ನೀಡುತ್ತ ಆಡಿತು: “ಇಲ್ಲಿಗೆ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ.”

ಇಡೀ ನಡುಮನೆ ಒಟ್ಟಿಗೆ ಹಿಂತಿರುಗಿ ಅವನನ್ನು ನೋಡಿತು. ಯಶೋದಮ್ಮನ ಮುಖವಂತೂ ಅರಳಿಹೋಯಿತು.

“ನೋಡ್ದಾ ಸಾಕಮ್ಮಾ,” ಎಂದಳು, “ಸಾಯೋವಾಗ್ಲೂ ಸುಮ್ಕೆ ಸಾಯ್ಲಿಲ್ಲ. ನಮ್ಮೆಜಮಾನ್ರೇ ಕಣೆ.”