ಅಮ್ಮನ ಕೈಯ ಲಕ್ಸಾ

ಪೆನಾಂಗ್ ದ್ವೀಪದಲ್ಲಿ ಲಕ್ಸಾ, ಅಂದರೆ ಹುಳಿ ಮೀನುಸಾರಿನ ಶಾವಿಗೆ, ಮಾಡಬಲ್ಲವರು ಇಬ್ಬರೇ. ಒಬ್ಬರು ನಮ್ಮಮ್ಮ, ತೀರಿಕೊಂಡು ಒಂಬತ್ತು ವರ್ಷವಾಯಿತು. ಇನ್ನೊಬ್ಬ ನಾನು, ಮೊನ್ನೆ ಮೊನ್ನೆಯವರೆಗೆ ಮಾಡಿ ನೋಡಿರಲಿಲ್ಲ, ಅಷ್ಟೇ!

ನನ್ನ ಹೆಂಡತಿ ಸ್ವೀ ಗೋಕ್ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ ಲಕ್ಸಾ ಎಂದರೆ ಮಾರ್ಕೆಟ್ಟಿನ ಮೂಲೆಯಲ್ಲಿ ಗಾಡಿ ಇಟ್ಟಿರುವ ಬೂನ್ ಕಿಟ್. ಹೋದ ತಿಂಗಳು ಅವಳ ಜೊತೆ ನಾನೂ ಹೋಗಿದ್ದೆ. ಅವಳು ಕೂರುವ ಮೊದಲೇ ಆ ಮಹಾಶಯ ಬಟ್ಟಲು ತಂದಿಟ್ಟ. ಪುದೀನ ಹಾಕಿರಲಿಲ್ಲ, ಅನಾನಸ್ ಎರಡು ಚೂರು ಹೆಚ್ಚಿಗೆ ಹಾಕಿದ್ದ. ನೀನು ಯಾವಾಗಿನಿಂದ ಪುದೀನ ಬಿಟ್ಟೆ ಎಂದು ಕೇಳಿದೆ.

"ಹುಟ್ಟಿದಾಗಿಂದ ತಿಂದಿಲ್ಲ" ಎಂದಳು.

ಮದುವೆಯಾಗಿ ಇಪ್ಪತ್ತಾರು ವರ್ಷ! ನನಗೆ ಗೊತ್ತಿಲ್ಲದ್ದು ಸೌಟು ಹಿಡಿದವನಿಗೆ ಗೊತ್ತು! ಹೊಟ್ಟೆ ಉರಿಯಿತು. ಮುಚ್ಚುಮರೆ ಯಾಕೆ, ಧಗಧಗ ಉರಿಯಿತು. ಅಲ್ಲೇ ಘೋಷಿಸಿದೆ: ಈ ಸಲ ಅಮ್ಮನ ತಿಥಿಗೆ ಲಕ್ಸಾ ನನ್ನದು. ಅದನ್ನು ತಿಂದ ಮೇಲೆ ಈ ಗಾಡಿಯ ಕಡೆ ನೀನು ತಲೆ ಹಾಕಿಯೂ ಮಲಗುವುದಿಲ್ಲ.

ತೊಂದರೆ ಇಷ್ಟೇ. ಅಮ್ಮ ಲಕ್ಸಾ ಮಾಡುವ ದಿನ ಅಡುಗೆಮನೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಹಸಿರು ಹೂವಿನ ಟಿಫಿನ್ ಕ್ಯಾರಿಯರ್ ಹಿಡಿದು ಮಾರ್ಕೆಟ್ಟಿಗೆ ಹೋಗಿ ಬಂದು ಬಾಗಿಲು ಹಾಕಿಕೊಂಡರೆ, ತೆರೆಯುವಾಗ ಕೈಯಲ್ಲಿ ಹಬೆಯಾಡುವ ಪಾತ್ರೆ. ಆ ಕ್ಯಾರಿಯರ್ ಕೂಡ ಈಗಿಲ್ಲ. ಅಮ್ಮ ತೀರಿಕೊಂಡ ವಾರವೇ ಕಾಣೆಯಾಯಿತು. ಸ್ವೀ ಗೋಕ್ ಅದನ್ನು ಗುಜರಿಗೆ ಹಾಕಿದಳೆಂದು ಒಂಬತ್ತು ವರ್ಷದಿಂದ ಪ್ರತಿ ತಿಥಿಗೂ ತಪ್ಪದೆ ಬೈದಿದ್ದೇನೆ.

ತಿಥಿಯ ದಿನ ಬೆಳಗ್ಗೆ ಬಂಗುಡೆ ಬೇಯಿಸಿದೆ. ಬೆಲಾಚಾನ್ ಎಂಬ ಸಿಗಡಿಯ ನಾರುವ ಮುದ್ದೆಯನ್ನು ಸುಟ್ಟೆ. ಪಕ್ಕದ ಮನೆಯ ಜಲೇಹಾ ಗೋಡೆಯ ಮೇಲಿಂದ ಇಣುಕಿದಳು. "ಏನು ಸುಡ್ತಿದ್ದೀರಿ ಅಂತ ಕೇಳಲ್ಲ. ಯಾವಾಗ ಮುಗಿಯತ್ತೆ ಹೇಳಿ ಸಾಕು, ಬಟ್ಟೆ ಒಣಗಿಸ್ಬೇಕು" ಎಂದಳು. ನಾನು ಕಲಾವಿದನ ಗಾಂಭೀರ್ಯದಿಂದ ಸೌಟು ತಿರುಗಿಸಿದೆ. ಹುಣಸೆ ಹೆಚ್ಚಾಯಿತು, ಬೆಲ್ಲ ಹಾಕಿದೆ. ಪಾಯಸವಾಯಿತು, ಮತ್ತೆ ಹುಣಸೆ ಹಿಂಡಿದೆ. ಪಾತ್ರೆ ತುಂಬಿತು, ದೊಡ್ಡ ಪಾತ್ರೆಗೆ ಬಗ್ಗಿಸಿದೆ. ಅದೂ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಬಕೆಟ್ಟಿನವರೆಗೂ ಲಕ್ಸಾ ಇತ್ತು.

ಅಮ್ಮನ ಫೋಟೋ ಮುಂದೆ ಎಡೆ ಇಟ್ಟು ಊದುಬತ್ತಿ ಹಚ್ಚಿದೆವು. ಹಿರಿಯರು ಉಂಡ ಮೇಲೆಯೇ ನಮಗೆ ಊಟ. ಉಂಡರೋ ಇಲ್ಲವೋ ಎಂದು ಅವರನ್ನೇ ಕೇಳಬೇಕು. ಅದಕ್ಕೆ ಒಂದು ಬದಿಗೆ ಕೆಂಪು ಬಳಿದ ಎರಡು ನಾಣ್ಯಗಳಿವೆ. ಎಸೆದಾಗ ಒಂದು ಕೆಂಪು, ಒಂದು ಬಿಳಿ ಬಿದ್ದರೆ ಆಯಿತು ಎಂದರ್ಥ. ಎರಡೂ ಒಂದೇ ಆದರೆ ಇನ್ನೂ ಇಲ್ಲ.

"ಅಮ್ಮಾ, ಊಟ ಆಯ್ತಾ?" ಎಂದು ಎಸೆದೆ. ಎರಡೂ ಕೆಂಪು. ಹತ್ತು ನಿಮಿಷ ಬಿಟ್ಟು ಎಸೆದೆ. ಎರಡೂ ಬಿಳಿ. ಊದುಬತ್ತಿ ಮುಗಿಯಿತು, ಹೊಸದು ಹಚ್ಚಿದೆವು. ನೆಂಟರು ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಒಂಬತ್ತನೇ ಸಲವೂ ಎರಡೂ ಕೆಂಪು. ಹೆತ್ತ ತಾಯಿ!

ಸ್ವೀ ಗೋಕ್ ನಾಣ್ಯ ಕಿತ್ತುಕೊಂಡಳು. "ಅತ್ತೆ, ಬೂನ್ ಕಿಟ್ ಹತ್ರ ತರಿಸ್ಲಾ?"

ಒಂದು ಕೆಂಪು, ಒಂದು ಬಿಳಿ. ಮೊದಲ ಎಸೆತಕ್ಕೇ!

ಇನ್ನೇನು, ಹಲ್ಲು ಕಚ್ಚಿಕೊಂಡು ಸ್ಕೂಟರ್ ಹತ್ತಿದೆ. ಬೂನ್ ಕಿಟ್‌ಗೆ ನಾನು ಏನೂ ಹೇಳಬೇಕಾಗಲಿಲ್ಲ.

"ಇವತ್ತು ಅಮ್ಮನ ದಿನ ಅಲ್ವಾ ಅಣ್ಣ? ಬರ್ತೀರಿ ಅಂತ ಪ್ರತಿ ವರ್ಷ ಕಾಯ್ತೀನಿ" ಎಂದು ಗಾಡಿಯ ಕೆಳಗಿನಿಂದ ಏನನ್ನೋ ಎಳೆದು ಒರೆಸಿದ. ಹಸಿರು ಹೂವಿನ ಕ್ಯಾರಿಯರ್! "ಕೊನೇ ಸಲ ತುಂಬಿಸೋಕೆ ಕೊಟ್ಟು ಹೋದ್ರು, ತಗೊಳ್ಳೋಕೆ ಬರ್ಲೇ ಇಲ್ಲ. ಮನೇಲಿ ಹೇಳಬೇಡ, ಮಗ ನನ್ನ ಕೈಯಡುಗೆ ಅಂದ್ಕೊಂಡಿದ್ದಾನೆ ಅಂತ ಆಣೆ ಹಾಕ್ಸಿದ್ರು. ಅದಕ್ಕೇ ನಾನಾಗಿ ತಂದುಕೊಡಲಿಲ್ಲ."

ಮೂವತ್ತು ವರ್ಷ ಊರೆಲ್ಲ ಹೊಗಳಿಕೊಂಡು ತಿರುಗಿದ ಅಮ್ಮನ ಕೈರುಚಿ ಇವನದು! ನನ್ನ ಹೆಂಡತಿಯ ನಾಲಿಗೆ ಇವನದು ಎಂದುಕೊಂಡಿದ್ದೆ, ನನ್ನದೂ ಇವನದೇ. ಅವನು ಕ್ಯಾರಿಯರ್ ತುಂಬಿಸಿದ. ಒಂದು ಡಬ್ಬಿಗೆ ಮಾತ್ರ ಪುದೀನ ಹಾಕಲಿಲ್ಲ. ಇಷ್ಟರ ಮೇಲೂ ಅದನ್ನು ನೋಡಿ ನನ್ನ ಹೊಟ್ಟೆ ಉರಿಯಿತು.

ಮನೆಗೆ ಬಂದೆ. ಅಮ್ಮ ಮೊದಲ ಎಸೆತಕ್ಕೇ ಊಟ ಆಯಿತೆಂದರು. ನೆಂಟರು ಬಟ್ಟಲು ನೆಕ್ಕಿದರು. ಸ್ವೀ ಗೋಕ್ ಮಾತ್ರ ಲಕ್ಸಾ ನೋಡಲಿಲ್ಲ, ಕ್ಯಾರಿಯರನ್ನೇ ನೋಡುತ್ತಿದ್ದಳು. ನಡೆದದ್ದೆಲ್ಲ ಹೇಳಿ, ತಪ್ಪಾಯಿತು, ಕ್ಷಮಿಸು ಎಂದೆ.

ಅವಳು ನಾಣ್ಯಗಳನ್ನು ನನ್ನ ಅಂಗೈಯಲ್ಲಿ ಇಟ್ಟಳು. "ನನ್ನ ಕೇಳ್ಬೇಡಿ. ಅತ್ತೇನೇ ಕೇಳಿ. ಅವರು ಹೂಂ ಅಂದ್ರೆ ನಾನೂ ಹೂಂ."

ಇವತ್ತಿಗೆ ಹನ್ನೊಂದು ದಿನ. ಬೆಳಗ್ಗೆ ಎದ್ದು ಎಸೆಯುತ್ತೇನೆ, ಎರಡೂ ಕೆಂಪು. ಅವಳು ನಕ್ಕು ಚೀಲ ಹಿಡಿದು ಬೂನ್ ಕಿಟ್‌ನ ಗಾಡಿಗೆ ಹೊರಡುತ್ತಾಳೆ. ನಾನು ಮನೆಯಲ್ಲಿ ಬಕೆಟ್ಟಿನದನ್ನು ಬಿಸಿ ಮಾಡಿಕೊಳ್ಳುತ್ತೇನೆ.