ಚಾ ಕುಡಿದು ಕೊಡುವ ತೀರ್ಪು

ನಮ್ಮ ಸೋದರಮಾವನಿಗೆ ಚಾ ಕೊಡದೆ ಉಡುಪಿಯಿಂದ ಕಾರ್ಕಳದವರೆಗೆ ಮನೆ ಕಟ್ಟಿಸಿದವರ ಜಗಳ ಒಂದೂ ತೀರಿದ್ದಿಲ್ಲ! ಅವರು ಜಡ್ಜೂ ಅಲ್ಲ, ವಕೀಲರೂ ಅಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಎಂಬತ್ತರ ದಶಕದಲ್ಲಿ ಗಲ್ಫಿನ ದುಡ್ಡು ಬಂದು ಊರೆಲ್ಲ ತಾರಸಿ ಮನೆಗಳು ಎದ್ದವು. ಮನೆ ಎದ್ದಲ್ಲಿ ಕಂಟ್ರಾಕ್ಟರನ ಕೊನೆಯ ಕಂತಿನ ಜಗಳವೂ ಏಳಬೇಕಲ್ಲ? ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು. ಮಾವನದ್ದು ಹಾಗಲ್ಲ. ಜಗಳದ ಮನೆಯಲ್ಲೇ ಚಾ ಮಾಡಿಸಿ ಕುಡಿಯುವುದು, ಲೋಟ ಕೆಳಗಿಡುವಾಗ ತೀರ್ಪು ಹೇಳುವುದು, ದುಡ್ಡು ಅಲ್ಲಿಯೇ ಕೊಡಿಸುವುದು.

"ಸಮಾಧಾನ ಇಲ್ಲದಿದ್ದರೆ ಆಮೇಲೆ ಕೋರ್ಟಿಗೆ ಹೋಗಿ. ಕಲ್ಲು ಹೊತ್ತವರ ಹೊಟ್ಟೆ ತಾರೀಕಿಗೆ ಕಾಯುವುದಿಲ್ಲ ಮಾರಾಯ್ರೆ!"

ಮಣಿಪಾಲದಲ್ಲಿ ಕೆಲಸಕ್ಕಿದ್ದ ನನಗೆ ಭಾನುವಾರ ಅವರ ಸ್ಕೂಟರ್ ಓಡಿಸುವ ಸೇವೆ. ಬೆಳ್ಮಣ್ಣಿನಲ್ಲಿ ಒಬ್ಬರು ಒಂದು ಬಾಗಿಲು ಸರಿಯಿಲ್ಲವೆಂದು ಇಡೀ ಬಾಕಿಯನ್ನೇ ತಡೆದಿದ್ದರು. ಮಾವ ಲೋಟ ಹಿಡಿದು ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಅದು ತೆರೆಯಬೇಕಲ್ಲ! ಕಿಟಕಿಯಿಂದಲೇ ತೀರ್ಪು ಬಂತು: "ಬಾಗಿಲಿನದ್ದು ಮಾತ್ರ ಹಿಡಿಯಿರಿ, ಉಳಿದದ್ದು ಕೊಡಿ. ಕೊಡುವವರೆಗೆ ನಾನು ಹೊರಗೆ ಬರುವುದಿಲ್ಲ!" ಬರಲಿಕ್ಕೆ ಆಗುತ್ತಿದ್ದರೆ ತಾನೆ?

ಕಾಪುವಿನ ಜಗಳ ಮಾತ್ರ ನಗುವಂಥದ್ದಾಗಿರಲಿಲ್ಲ. ಮಸ್ಕತ್ತಿನಿಂದ ರಜೆಯಲ್ಲಿ ಬಂದ ಯಜಮಾನರು ಕೆಂಡವಾಗಿದ್ದರು. ನಿಂತು ಅಡುಗೆ ಮಾಡುವ ಕಟ್ಟೆ ಪ್ಲಾನಿಗಿಂತ ನಾಲ್ಕು ಬೆರಳು ತಗ್ಗು; ಒಡೆದು ಕಟ್ಟದೆ ಬಿಡಿಗಾಸು ಇಲ್ಲ ಎಂದರು. ಆಳುಗಳ ಸಂಬಳಕ್ಕೆ ಹೆಂಡತಿಯ ಬಳೆ ಅಡವಿಟ್ಟಿದ್ದ ಕಂಟ್ರಾಕ್ಟರ್ ತಲೆ ತಗ್ಗಿಸಿ ನಿಂತಿದ್ದ. "ತಪ್ಪು ನನ್ನದೇ" ಎಂದನೇ ಹೊರತು ಬೇರೆ ಮಾತಿಲ್ಲ.

"ಚಾ ಆಗಲಿ" ಎಂದರು ಮಾವ. ಮನೆಯೊಡತಿ ಗಿಡ್ಡ. ಅವರು ಚಾ ಕುದಿಸುವುದನ್ನು ಮಾವ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡಿದರು. ಲೋಟ ಕೈಗೆ ಬಂದ ಮೇಲೆ ಕೇಳಿದರು: "ಅಮ್ಮಾ, ಕಟ್ಟೆ ನಿಮಗೆ ತಗ್ಗಾಯಿತಾ?"

ಆಕೆ ಗಂಡನನ್ನೊಮ್ಮೆ ನೋಡಿದರು. "ತಗ್ಗು ಮಾಡಿ ಅಂತ ನಾನೇ ಹೇಳಿದ್ದು. ಪ್ಲಾನಿನ ಹಾಗೆ ಕಟ್ಟಿದರೆ ನನಗೆ ಪಾತ್ರೆಯ ಒಳಗೆ ಕಾಣುವುದಿಲ್ಲ. ಪಾಪ, ಅವರ ದುಡ್ಡು ಕೊಡಿ."

"ನನಗೊಂದು ಮಾತು ಬರೆಯಬಾರದಿತ್ತಾ?"

"ನೀವು ಕೇಳಿದ್ದುಂಟಾ?"

ಯಜಮಾನರು ಒಳಗೆ ಹೋಗಿ ಪೂರ್ತಿ ಹಣ ತಂದುಕೊಟ್ಟರು. ಮಾವ ತೀರ್ಪು ಹೇಳುವ ಅಗತ್ಯವೇ ಬೀಳಲಿಲ್ಲ.

ಸ್ಕೂಟರಿನಲ್ಲಿ ಮನೆಗೆ ಬಂದದ್ದೇ ಮಾವ ನೆಟ್ಟಗೆ ಅಡುಗೆಮನೆಗೆ ನಡೆದರು. ಆದಿ ಉಡುಪಿಯ ಅವರ ಮನೆಯೂ ಅವರದೇ ಪ್ಲಾನಿನದ್ದು, ಅಡುಗೆ ಕಟ್ಟೆ ಇಲಾಖೆಯ ಅಳತೆಯದ್ದು. ಒಳಗೆ ಅತ್ತೆ ಒಂದು ಮಣೆಯ ಮೇಲೆ ನಿಂತು ಸಾರು ತಿರುವುತ್ತಿದ್ದರು. ಆ ಮಣೆಯನ್ನು ನಾವೆಲ್ಲ ನೋಡಿದ್ದೆವು. ಯಾಕೆಂದು ಒಬ್ಬರೂ ಕೇಳಿರಲಿಲ್ಲ.

"ಯಾವಾಗಿನಿಂದ ಇದರ ಮೇಲೆ ನಿಲ್ಲುವುದು?" ಎಂದು ಮಾವ ಕೇಳಿದರು.

"ಮನೆ ಒಕ್ಕಲಾದ ದಿನದಿಂದ. ಈಗ ಎಂತ ಅದು?"

"ಹೇಳಬಾರದಿತ್ತಾ?"

"ಹೇಳಿದ್ದೆ. ಅಳತೆ ಸರಿ ಉಂಟು ಅಂದಿರಲ್ಲ!"

ಮಾವ ಪೆನ್ಸಿಲ್ ತಂದರು. "ಮಣೆಯಿಂದ ಇಳಿ. ಗೋಡೆ ಹತ್ತಿರ ನಿಲ್ಲು. ಮೊಣಕೈ ಮಡಚು."

"ಈ ವಯಸ್ಸಿನಲ್ಲಿ ಎಂತ ಇದು, ಬಿಡಿ" ಎಂದು ಅತ್ತೆ ನನ್ನೆದುರು ನಾಚಿಕೊಂಡರು. ಮಾವ ಕಟ್ಟೆಯ ಹೊಸ ಅಳತೆಗೆ ಮೊಣಕೈಯ ಕೆಳಗೆ ಗೋಡೆಯ ಮೇಲೆ ಗೆರೆ ಎಳೆಯತೊಡಗಿದರು. ಬಿಡಿ ಬಿಡಿ ಎನ್ನುತ್ತಿದ್ದ ಅತ್ತೆ, ಗೆರೆ ಮುಗಿಯುವವರೆಗೂ ಮೊಣಕೈ ಅಲುಗಿಸಲಿಲ್ಲ.